ಕೆಸರು ನೋಡಿದ ವಿನೊಗ್ರಾಡ್‌ಸ್ಕಿ

ನಾನು ಕಾಮರ್ಸ್ ವಿದ್ಯಾರ್ಥಿನಿ. ಸೈನ್ಸ್ ಬಿಟ್ಟೆ ಅಂತ ಅಬ್ಬಾಗೆ ಇನ್ನೂ ಬೇಸರ. ಅದಕ್ಕೇ ಪದೇ ಪದೇ ದಾರಿ ಬದಲಿಸಿದ ಈ ವಿಜ್ಞಾನಿ ನನಗೆ ಇಷ್ಟವಾದರು.

ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1856ರಲ್ಲಿ ಕೀವ್ ನಗರದಲ್ಲಿ ಹುಟ್ಟಿದರು. ಮೊದಲು ಕಾನೂನು ಓದಿದರು, ಆಮೇಲೆ ಪಿಯಾನೊ ಕಲಿತರು, ಕೊನೆಗೆ ವಿಜ್ಞಾನಕ್ಕೆ ಬಂದರು. 1885ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ, ಗಂಧಕದ ನೀರಿನ ಕೆಸರಿನಲ್ಲಿ ಬೆಳೆಯುವ ಬೆಗ್ಗಿಯಾಟೋವಾ ಎಂಬ ದಾರದಂಥ ಬ್ಯಾಕ್ಟೀರಿಯಾವನ್ನು ಹಿಡಿದು ಕುಳಿತರು.

ಒಂದೇ ಬ್ಯಾಕ್ಟೀರಿಯಾ ಬೇರೆ ಬೇರೆ ರೂಪ ತಾಳುತ್ತದೆ ಎಂದು ಆಗ ಕೆಲವು ವಿಜ್ಞಾನಿಗಳು ನಂಬಿದ್ದರು. ಹಾಗಾದರೆ ಯಾವುದಕ್ಕೂ ಗಟ್ಟಿಯಾದ ಹೆಸರು ಇಡುವಂತಿಲ್ಲ! ಇವರು ಅದೇ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ದಿನಗಟ್ಟಲೆ ನೋಡಿದರು. ಅದು ಬೇರೆಯಾಗಲಿಲ್ಲ. ಗಂಧಕದ ಅನಿಲ ಸಿಗದಿದ್ದರೆ ಅದರೊಳಗಿನ ಗಂಧಕದ ಕಣಗಳು ಕರಗುತ್ತಿದ್ದವು, ಸಿಕ್ಕರೆ ಮತ್ತೆ ತುಂಬುತ್ತಿದ್ದವು. ಜಮಾ–ಖರ್ಚು ಇದ್ದಂತೆ. ಗಂಧಕವೇ ಅದಕ್ಕೆ ಶಕ್ತಿ ಎಂದು ಗೊತ್ತಾಯಿತು. ಬೆಗ್ಗಿಯಾಟೋವಾ ಜಾರುತ್ತಾ ಹೋಗುತ್ತದೆ; ಒಂದು ತುದಿ ಅಂಟಿಕೊಂಡು ನಿಲ್ಲುವ ಇನ್ನೊಂದು ದಾರಕ್ಕೆ 1888ರಲ್ಲಿ ಥಯೋಥ್ರಿಕ್ಸ್ ಎಂದು ಹೆಸರಿಟ್ಟರು.

ಮುಂದೆ ಪ್ರಯೋಗಾಲಯ ಬಿಟ್ಟು ಊರಲ್ಲಿ ಜಮೀನು ನೋಡಿಕೊಂಡರು. ಕ್ರಾಂತಿಯಲ್ಲಿ ಅದೂ ಹೋಯಿತು, ದೇಶವೂ ಹೋಯಿತು. 1922ರಲ್ಲಿ, 66ನೇ ವಯಸ್ಸಿನಲ್ಲಿ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿ ಮತ್ತೆ ಮಣ್ಣಿನ ಬ್ಯಾಕ್ಟೀರಿಯಾಗಳ ಕೆಲಸ ಹಿಡಿದರು. 1953ರಲ್ಲಿ ಫ್ರಾನ್ಸ್‌ನಲ್ಲೇ ತೀರಿಕೊಂಡರು.

ಅವರ ಹೆಸರಿನ ಒಂದು ಪ್ರಯೋಗವಿದೆ. ವರದಾ ನದಿಯ ಕೆಸರು, ಕಾಗದದ ಚೂರು, ಮೊಟ್ಟೆಯ ಹಳದಿ, ನೀರು ಬಾಟಲಿಗೆ ಹಾಕಿ ಕಿಟಕಿಯಲ್ಲಿಟ್ಟಿದ್ದೇನೆ. ಅಮ್ಮಿ ವಾಸನೆಗೆ ಬೈಯುತ್ತಾರೆ. ಈಗ ಗಾಜಿನ ಒಂದು ಬದಿ ಹಸಿರಾಗಿದೆ. ಅಬ್ಬಾ ದಿನಾ ಬಗ್ಗಿ ನೋಡುತ್ತಾರೆ.