ರಕ್ತದ ಹನಿಯಲ್ಲಿ ರೋಗದ ಮೂಲ ಕಂಡ ಸರ್ ಥೆಮಿಸ್ಟೊಕ್ಲಿಸ್ ಝಮ್ಮಿತ್

ರೈತರು ಕಂದು ಹಾಕುವ ರೋಗವೆಂದು ಕರೆಯುವ ಬ್ರುಸೆಲ್ಲೋಸಿಸ್, ಹಸು, ಆಡು ಹಾಗೂ ಹಂದಿಗಳಿಂದ ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ. ನೋಟಕ್ಕೆ ಆರೋಗ್ಯವಾಗಿರುವ ಪ್ರಾಣಿಯಲ್ಲಿಯೂ ಇದು ಅಡಗಿರುತ್ತದೆ ಎಂಬುದನ್ನು ರಕ್ತ ಪರೀಕ್ಷೆಯಿಂದ ತೋರಿಸಿಕೊಟ್ಟವರು ಮಾಲ್ಟಾ ದ್ವೀಪದ ವೈದ್ಯ ಝಮ್ಮಿತ್. ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಸುತ್ತಮುತ್ತ ಹಂದಿ ಸಾಕುವವರಿಗೆ ಅವರ ಜೀವನದಿಂದ ಕಲಿಯತಕ್ಕದ್ದು ಇಂದಿಗೂ ಇದೆ.

ಝಮ್ಮಿತ್ 1864ರಲ್ಲಿ ಮಾಲ್ಟಾದ ವ್ಯಾಲೆಟ್ಟಾ ನಗರದಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ವೈದ್ಯಶಾಸ್ತ್ರ ಓದಿದರು. ಆ ಕಾಲದಲ್ಲಿ ದ್ವೀಪದ ಜನರೂ ಬ್ರಿಟಿಷ್ ಸೈನಿಕರೂ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. ಡೇವಿಡ್ ಬ್ರೂಸ್ 1887ರಲ್ಲಿ ಅದರ ಸೂಕ್ಷ್ಮಾಣುವನ್ನು ಗುರುತಿಸಿದರು. 1897ರಲ್ಲಿ ಆಲ್ಮ್‌ರಾತ್ ರೈಟ್ ಈ ಜ್ವರಕ್ಕೆ ರಕ್ತ ಪರೀಕ್ಷೆಯನ್ನು ರೂಪಿಸಿದರು. ರೋಗಿಯ ರಕ್ತಸಾರದೊಡನೆ ಬೆರೆಸಿದಾಗ ಸೂಕ್ಷ್ಮಾಣುಗಳು ಗುಂಪುಗೂಡುವುದೇ ಸೋಂಕಿನ ಗುರುತು. ಆದರೆ ರೋಗ ಎಲ್ಲಿಂದ ಬರುತ್ತದೆಂಬುದು ತಿಳಿದಿರಲಿಲ್ಲ.

1905ರಲ್ಲಿ, ಜ್ವರದ ಕಾರಣ ಹುಡುಕಲು ನೇಮಕವಾದ ಆಯೋಗದ ಸದಸ್ಯರಾಗಿ ಝಮ್ಮಿತ್ ಆಡುಗಳನ್ನು ಪ್ರಯೋಗಕ್ಕೆ ತರಿಸಿದರು. ಆಡಿಗೆ ಈ ರೋಗ ತಗಲದೆಂಬುದು ಅಂದಿನ ನಂಬಿಕೆ. ಪ್ರಯೋಗಕ್ಕೆ ಮೊದಲೇ ಅವುಗಳ ರಕ್ತ ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಸೋಂಕಿನ ಗುರುತು ಕಂಡಿತು. ಬಳಿಕ ಹಾಲಿನಲ್ಲಿಯೂ ಸೂಕ್ಷ್ಮಾಣು ದೊರೆಯಿತು. ಅದೇ ವರ್ಷ ಮಾಲ್ಟಾದ ಆಡುಗಳನ್ನು ಅಮೆರಿಕಕ್ಕೆ ಒಯ್ದ ಹಡಗಿನಲ್ಲಿ ಅವುಗಳ ಹಸಿ ಹಾಲು ಕುಡಿದವರು ಜ್ವರಕ್ಕೆ ತುತ್ತಾದರು. ಸೈನಿಕರಿಗೆ ಆಡಿನ ಹಾಲನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ಬಹುಮಟ್ಟಿಗೆ ಇಳಿಯಿತು.

ಝಮ್ಮಿತ್ ಪುರಾತತ್ತ್ವಜ್ಞರೂ ಆಗಿದ್ದರು; ತಾರ್ಶಿಯನ್‌ನ ಪ್ರಾಚೀನ ದೇಗುಲಗಳನ್ನು ಉತ್ಖನನ ಮಾಡಿಸಿದರು. 1920ರಿಂದ 1926ರವರೆಗೆ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದು, 1930ರಲ್ಲಿ ಸರ್ ಪದವಿ ಪಡೆದು, 1935ರಲ್ಲಿ ನಿಧನರಾದರು.

ಹಂದಿಯಲ್ಲಿ ಈ ರೋಗ ತರುವ ಬ್ರುಸೆಲ್ಲಾ ಸುಯಿಸ್ ಅನ್ನು 1914ರಲ್ಲಿ ಅಮೆರಿಕದ ಜೇಕಬ್ ಟ್ರಾಮ್ ಬೇರ್ಪಡಿಸಿದರು. ಆದರೆ ಹಸುವಿಗೆ ಒಪ್ಪುವ ಪರೀಕ್ಷೆ ಹಂದಿಗೆ ಅಷ್ಟು ನಂಬಿಕೆಯದಲ್ಲ. ಯೆರ್ಸಿನಿಯಾ ಎಂಬ ಬೇರೆ ಬ್ಯಾಕ್ಟೀರಿಯಾ ತಗುಲಿದ್ದರೂ ರೋಸ್ ಬೆಂಗಾಲ್ ಪರೀಕ್ಷೆ ಸೋಂಕಿದೆಯೆಂದು ತೋರಿಸಬಹುದು. ಸೋಂಕಿರುವ ಹಂದಿಯೊಂದು ತಪ್ಪಿಸಿಕೊಳ್ಳಲೂಬಹುದು. ಆದ್ದರಿಂದ ಎಲೈಸಾದಂತಹ ಎರಡನೆಯ ಪರೀಕ್ಷೆ ಜೊತೆಗಿರಬೇಕು. ಒಂದು ಹಂದಿಯ ಫಲಿತಾಂಶದಿಂದಲ್ಲ, ಇಡೀ ಹಿಂಡಿನ ಫಲಿತಾಂಶದಿಂದ ತೀರ್ಮಾನಕ್ಕೆ ಬರಬೇಕು. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಬ್ರುಸೆಲ್ಲೋಸಿಸ್ ಪತ್ತೆಯ ಬಗ್ಗೆ ಸಂಶೋಧನೆ ನಡೆಸುತ್ತಿದೆ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು:

1. ಹಂದಿ ಕಂದು ಹಾಕಿದರೆ, ಗಂಡು ಹಂದಿಯ ವೃಷಣ ಊದಿದರೆ ಅಥವಾ ಹಂದಿ ಕುಂಟಿದರೆ ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿರಿ.
2. ಹೊಸದಾಗಿ ತಂದ ಹಂದಿಯನ್ನು, ಮುಖ್ಯವಾಗಿ ಬೀಜದ ಗಂಡನ್ನು, ಪ್ರತ್ಯೇಕವಾಗಿಟ್ಟು ಪರೀಕ್ಷೆಯಾದ ಮೇಲೆಯೇ ಹಿಂಡಿಗೆ ಸೇರಿಸಿರಿ.
3. ಸತ್ತ ಮರಿ ಮತ್ತು ಮಾಸನ್ನು ಬರಿಗೈಯಿಂದ ಮುಟ್ಟದೆ, ಸುಣ್ಣ ಹಾಕಿ ಆಳವಾಗಿ ಹೂಳಿರಿ.
4. ನಿಮಗೇ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬಂದರೆ ಹಂದಿ ಸಾಕುತ್ತಿರುವ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.