ಆಲ್ಫ್ರೆಡ್ ವೆರ್ನರ್: ಆರು ಮೂಲೆಗಳ ಮನುಷ್ಯ

ಊರಿಂದ ಅಮ್ಮನ ಥೈರಾಯ್ಡ್ ರಿಪೋರ್ಟ್ ವಾಟ್ಸಾಪಿನಲ್ಲಿ ಬಂದಾಗ ನಾವೆಲ್ಲ ಮೊದಲು ನೋಡೋದು ಟಿಎಸ್‌ಎಚ್ ಎಷ್ಟಿದೆ ಅಂತ. ಎಷ್ಟೋ ರಿಪೋರ್ಟುಗಳಲ್ಲಿ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇಸಿಎಲ್‌ಐಎ ಅಂತ ಇರುತ್ತೆ. ಅದು ಪರೀಕ್ಷೆಯ ವಿಧಾನದ ಹೆಸರು: ನೀರಿನ ದ್ರಾವಣಕ್ಕೆ ವಿದ್ಯುತ್ ಕೊಟ್ಟು, ರುಥೇನಿಯಂ ಲೋಹದ ಒಂದು ಸಂಯುಕ್ತ ಬೆಳಗುವಂತೆ ಮಾಡಿ, ಆ ಬೆಳಕನ್ನ ಅಳೆಯೋದು. ಈ ವರ್ಷ ಸೆನ್ಸರ್ ಕೋರ್ಸಿನಲ್ಲಿ ಇದನ್ನ ಓದುವಾಗ ಒಬ್ಬ ಹಳೇ ಪರಿಚಯದವರು ಸಿಕ್ಕರು. ಸೆಕೆಂಡ್ ಪಿಯುಸಿಯಲ್ಲಿ ಬಾಯಿಪಾಠ ಮಾಡಿ, ಸಿಇಟಿ ಮುಗಿದ ಮಾರನೇ ದಿನ ನಾವು ಮರೆತಿದ್ದ ವೆರ್ನರ್.

ಅವರು ಹುಟ್ಟಿದ್ದು 1866ರ ಡಿಸೆಂಬರ್ 12ರಂದು, ಆಲ್ಸೇಸ್ ಪ್ರಾಂತ್ಯದ ಮುಲೂಸ್‌ನಲ್ಲಿ. ಆಗ ಅದು ಫ್ರಾನ್ಸ್. ಹುಡುಗನಿಗೆ ಐದು ವರ್ಷ ತುಂಬೋದರೊಳಗೆ ಯುದ್ಧ ಮುಗಿದು ಊರು ಜರ್ಮನಿಗೆ ಸೇರಿತ್ತು. ಮನೆಯವರು ಫ್ರೆಂಚ್ ಬಿಡಲಿಲ್ಲ. ಆದರೆ ಮುಂದೆ ವೆರ್ನರ್ ವಿಜ್ಞಾನ ಬರೆದದ್ದು ಹೆಚ್ಚಾಗಿ ಜರ್ಮನ್‌ನಲ್ಲಿ. ಮನೆಗೊಂದು, ಲ್ಯಾಬಿಗೊಂದು ಭಾಷೆ. ಇದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಲ್ಸ್‌ರೂಹೆಯಲ್ಲಿ ಒಂದು ವರ್ಷ ಸೈನ್ಯದ ಕೆಲಸ ಮಾಡಿ, ಆಮೇಲೆ ಓದಲು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಬಂದರು. ಗಣಿತ ಅಷ್ಟಕ್ಕಷ್ಟೇ. 1890ರಲ್ಲಿ ಡಾಕ್ಟರೇಟ್ ಸಿಕ್ಕಿತು.

ಆ ಕಾಲಕ್ಕೆ ಕೋಬಾಲ್ಟ್ ಮತ್ತು ಅಮೋನಿಯಾ ಸೇರಿದ ಉಪ್ಪುಗಳು ದೊಡ್ಡ ತಲೆನೋವು. ಒಂದು ಹಳದಿ, ಒಂದು ನೇರಳೆ, ಒಂದು ಹಸಿರು. ಒಂದೊಂದರಲ್ಲೂ ಮೂರು ಕ್ಲೋರಿನ್ ಇದ್ದರೂ ಸಿಲ್ವರ್ ನೈಟ್ರೇಟ್ ಹಾಕಿದರೆ ಹಳದಿಯಲ್ಲಿ ಮೂರೂ ಹೊರಗೆ ಬರುತ್ತೆ, ಹಸಿರಲ್ಲಿ ಒಂದೇ. ಯಾಕೆ? ಕೋಪನ್‌ಹೇಗನ್ನಿನ ಹಿರಿಯ ಪ್ರೊಫೆಸರ್ ಯೋರ್ಗೆನ್ಸೆನ್, ಅಮೋನಿಯಾಗಳು ಸರಪಳಿ ಥರ ಒಂದಕ್ಕೊಂದು ಅಂಟಿಕೊಂಡಿವೆ ಅಂತಿದ್ದರು.

1892ರ ಕೊನೆಯ ಒಂದು ರಾತ್ರಿ ಎರಡು ಗಂಟೆಗೆ ವೆರ್ನರ್‌ಗೆ ದಡಕ್ಕನೆ ಎಚ್ಚರವಾಯಿತಂತೆ. ಕೂತು ಬರೆಯಲು ಶುರು ಮಾಡಿ, ಆ ದಿನ ಸಂಜೆ ಐದಕ್ಕೆ ಪ್ರಬಂಧ ಮುಗಿಸಿದರು. ಸರಪಳಿ ಅಲ್ಲ, ಲೋಹ ನಡುವೆ, ಸುತ್ತ ಆರು ಜಾಗ. ನಾಲ್ಕು ದಿಕ್ಕಿಗೆ ನಾಲ್ಕು, ಮೇಲೊಂದು, ಕೆಳಗೊಂದು. ಆ ಆರರಲ್ಲಿ ಕೂತ ಕ್ಲೋರಿನ್ ಸುಲಭಕ್ಕೆ ಬಿಟ್ಟು ಬರಲ್ಲ, ಹೊರಗಿರೋದು ಬರುತ್ತೆ. ಆಗ ಅವರಿಗೆ ಇಪ್ಪತ್ತಾರು. ನಮಗಿಂತ ಎರಡೇ ವರ್ಷ ಜಾಸ್ತಿ.

ಮಜಾ ಏನಂದ್ರೆ, ಅವರ ಕೈಯಲ್ಲಿ ಇದಕ್ಕೆ ಸ್ವಂತ ಪ್ರಯೋಗವೇ ಇರಲಿಲ್ಲ. ಓದಿದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿ. ನೆಚ್ಚಿಕೊಂಡಿದ್ದು ಬಹುಪಾಲು ಯೋರ್ಗೆನ್ಸೆನ್ ವರ್ಷಗಟ್ಟಲೆ ಕಷ್ಟಪಟ್ಟು ತಯಾರಿಸಿದ ಉಪ್ಪುಗಳನ್ನೇ! ಮುದುಕರು ಒಪ್ಪಲಿಲ್ಲ, ನಾವಾಗಿದ್ದರೂ ಒಪ್ಪುತ್ತಿರಲಿಲ್ಲವೇನೋ. ವೆರ್ನರ್ ಗೆಳೆಯ ಮಿಯೊಲಾಟಿ ಜೊತೆ ಸೇರಿ ಉಪ್ಪುಗಳನ್ನ ನೀರಲ್ಲಿ ಕರಗಿಸಿ, ಎಷ್ಟು ವಿದ್ಯುತ್ ಹರಿಯುತ್ತೆ ಅಂತ ಅಳೆದರು. ಅಯಾನುಗಳ ಲೆಕ್ಕ ಸರಿಹೋಯಿತು. ಆದರೂ ಒಂದು ಬಾಕಿ ಉಳಿಯಿತು. ಆರು ಮೂಲೆ ನಿಜವಾದರೆ ಎರಡು ಕ್ಲೋರಿನ್ ಎದುರುಬದುರು ಕೂರಬಹುದು, ಇಲ್ಲಾ ಅಕ್ಕಪಕ್ಕ. ಅಂದ್ರೆ ಆ ಹಸಿರು ಉಪ್ಪಿಗೆ ಒಬ್ಬ ಅವಳಿ ಇರಲೇಬೇಕು. ಅದು ಹದಿನಾಲ್ಕು ವರ್ಷ ಕೈಗೆ ಸಿಗಲೇ ಇಲ್ಲ. 1907ರಲ್ಲಿ ಕೊನೆಗೂ ವೆರ್ನರ್ ಆ ಊದಾ ಬಣ್ಣದ ಉಪ್ಪನ್ನ ತಯಾರಿಸಿದಾಗ ಯೋರ್ಗೆನ್ಸೆನ್ ಸೋಲು ಒಪ್ಪಿಕೊಂಡರು. ನಮಗೆ ಇಬ್ಬರ ಮೇಲೂ ಗೌರವ ಬಂದದ್ದು ಇಲ್ಲೇ.

1911ರಲ್ಲಿ ಶಿಷ್ಯ ವಿಕ್ಟರ್ ಕಿಂಗ್ ಜೊತೆ, ಎಡಗೈ ಬಲಗೈ ಥರ ಕನ್ನಡಿ ಬಿಂಬವಾಗಿರುವ ಕೋಬಾಲ್ಟ್ ಸಂಯುಕ್ತಗಳನ್ನ ಬೇರೆ ಮಾಡಿದರು. 1913ರಲ್ಲಿ ನೊಬೆಲ್. ಸುಖ ಜಾಸ್ತಿ ದಿನ ಇರಲಿಲ್ಲ. ರಕ್ತನಾಳ ಗಟ್ಟಿಯಾಗುವ ಕಾಯಿಲೆ ಹಿಡಿದು, 1919ರ ನವೆಂಬರ್ 15ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಐವತ್ತೆರಡು ವರ್ಷ.

ರಿಪೋರ್ಟಿನ ಬೆಳಕನ್ನ ಅವರು ನೋಡಲಿಲ್ಲ. ಆ ರುಥೇನಿಯಂ ಸಂಯುಕ್ತವೇ ತಯಾರಾಗಿದ್ದು 1936ರಲ್ಲಿ. ವಿದ್ಯುತ್ತಿನಿಂದ ಅದು ಬೆಳಗುತ್ತೆ ಅಂತ ಟೋಕೆಲ್ ಮತ್ತು ಬಾರ್ಡ್ ತೋರಿಸಿದ್ದು 1972ರಲ್ಲಿ. ನೀರಲ್ಲಿ ಬೆಳಗಿಸಿದ್ದು 1981ರಲ್ಲಿ. ಈಗಿನ ಯಂತ್ರದಲ್ಲಿ ಎಲೆಕ್ಟ್ರೋಡು ರುಥೇನಿಯಂನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ, ಪಕ್ಕದ ಅಮೀನ್‌ನಿಂದಲೂ ಕಿತ್ತುಕೊಳ್ಳುತ್ತೆ. ಅಮೀನ್ ಮುರಿದು, ತನ್ನ ಇನ್ನೊಂದು ಎಲೆಕ್ಟ್ರಾನನ್ನ ರುಥೇನಿಯಂಗೆ ಎಷ್ಟು ಜೋರಾಗಿ ಕೊಡುತ್ತೆ ಅಂದ್ರೆ, ಆ ಹೆಚ್ಚಿನ ಶಕ್ತಿ ಕಿತ್ತಳೆಗೆಂಪು ಬೆಳಕಾಗಿ ಹೊರಬರುತ್ತೆ. ಬೆಳಗಿದ ಕೂಡಲೇ ರುಥೇನಿಯಂ ಮೊದಲಿನಂತಾಗಿ ಮತ್ತೊಂದು ಸುತ್ತಿಗೆ ರೆಡಿ. ಅದರ ಸುತ್ತ ಮೂರು ಅಣುಗಳು, ಒಂದೊಂದೂ ಎರಡೆರಡು ಕೈಯಲ್ಲಿ ಹಿಡಿದಿದೆ. ಎಣಿಸಿದರೆ ಆರು: ಸುತ್ತ ನಾಲ್ಕು, ಮೇಲೊಂದು, ಕೆಳಗೊಂದು.