ಮೇಡಂ ಕ್ಯೂರಿಯ ಮನಃಸ್ಥೈರ್ಯ

ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ 1867ನೆಯ ಇಸವಿ ನವೆಂಬರ್ 7ರಂದು ಮರಿಯಾ ಸ್ಕ್ಲೊಡೊವ್‌ಸ್ಕಾ ಜನಿಸಿದಳು. ಮುಂದೆ ಜಗತ್ತು ಆಕೆಯನ್ನು ಮೇಡಂ ಕ್ಯೂರಿ ಎಂಬ ಹೆಸರಿನಿಂದ ಅರಿಯಿತು. ಆಗ ವಾರ್ಸಾ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಗಣಿತ ಮತ್ತು ಭೌತವಿಜ್ಞಾನಗಳ ಉಪಾಧ್ಯಾಯ. ಮರಿಯಾ ಹತ್ತು ವರ್ಷದವಳಾಗಿದ್ದಾಗ ತಾಯಿ ಕ್ಷಯರೋಗಕ್ಕೆ ಬಲಿಯಾದಳು. ಅದಕ್ಕೆ ಮೊದಲೇ ಹಿರಿಯಕ್ಕನೂ ಜ್ವರದಿಂದ ತೀರಿಕೊಂಡಿದ್ದಳು. ದುಃಖವನ್ನು ನುಂಗಿಕೊಂಡು ಓದಿದ ಬಾಲಕಿ 1883ರಲ್ಲಿ ಚಿನ್ನದ ಪದಕದೊಡನೆ ಶಾಲೆಯನ್ನು ಮುಗಿಸಿದಳು. ಆದರೆ ಆ ಹೊತ್ತಿಗೆ ಆಕೆಯ ಮನಸ್ಸೂ ದೇಹವೂ ಬಳಲಿ ಬೆಂಡಾಗಿದ್ದವು. ವಿವೇಕಿಯಾದ ತಂದೆ ಮಗಳನ್ನು ಹಳ್ಳಿಗಾಡಿನ ಬಂಧುಗಳ ಮನೆಗೆ ಕಳುಹಿಸಿದನು. ಪುಸ್ತಕಗಳ ಗೊಡವೆಯಿಲ್ಲದೆ ಹೊಲ, ಕಾಡು, ಹಾಡು, ಕುಣಿತಗಳ ನಡುವೆ ಸುಮಾರು ಒಂದು ವರ್ಷ ಕಳೆದ ಆಕೆ ಚೇತರಿಸಿಕೊಂಡು ಮರಳಿದಳು.

ವಾರ್ಸಾ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಕಲಿಯಲು ಮನೆಯಲ್ಲಿ ಹಣವಿರಲಿಲ್ಲ. ಆಗ ಮರಿಯಾಳೂ ಅಕ್ಕ ಬ್ರೋನಿಯಾಳೂ ಒಂದು ಒಪ್ಪಂದ ಮಾಡಿಕೊಂಡರು. ಅಕ್ಕನು ಮೊದಲು ವೈದ್ಯವಿದ್ಯೆ ಕಲಿಯಬೇಕು. ತಂಗಿ ದುಡಿದು ಹಣ ಕಳುಹಿಸಬೇಕು. ಅನಂತರ ಅಕ್ಕ ತಂಗಿಗೆ ನೆರವಾಗಬೇಕು. ಅದರಂತೆ ಮರಿಯಾ ದೂರದ ಹಳ್ಳಿಯ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದಳು. ಹಗಲು ಪಾಠ, ರಾತ್ರಿ ತನ್ನ ಓದು. ಹೀಗೆ ವರ್ಷಗಳೇ ಉರುಳಿದವು.

1891ರಲ್ಲಿ ಪ್ಯಾರಿಸ್ ಸೇರಿದ ಮರಿಯಾ ಅಲ್ಲಿ ಮೇರಿಯಾದಳು. ಮಾಳಿಗೆಯ ಮೇಲಿನ ಚಳಿಕೋಣೆ, ಅರೆಹೊಟ್ಟೆಯ ಊಟ. ಒಮ್ಮೆ ನಿತ್ರಾಣದಿಂದ ಮೂರ್ಛೆ ಹೋದಾಗ ಅಕ್ಕಭಾವಂದಿರು ತಮ್ಮ ಮನೆಗೆ ಕರೆದೊಯ್ದು ಉಪಚರಿಸಿದರು. 1893ರ ಭೌತವಿಜ್ಞಾನದ ಪರೀಕ್ಷೆಯಲ್ಲಿ ಆಕೆ ಮೊದಲಿಗಳಾಗಿ, ಮರುವರ್ಷ ಗಣಿತದಲ್ಲಿ ಎರಡನೆಯವಳಾಗಿ ತೇರ್ಗಡೆಯಾದಳು.

1895ರಲ್ಲಿ ವಿಜ್ಞಾನಿ ಪಿಯೇರ್ ಕ್ಯೂರಿಯೊಡನೆ ಆಕೆಯ ವಿವಾಹವಾಯಿತು. 1897ರಲ್ಲಿ ಹಿರಿಯ ಮಗಳು ಐರೀನ್ ಹುಟ್ಟಿದಳು. ಅಡುಗೆ, ಮಗು, ಪಾಠ, ಸಂಶೋಧನೆ ಎಲ್ಲವೂ ಒಟ್ಟಿಗೇ ಹೆಗಲೇರಿದವು. ಈ ಹೊರೆಯನ್ನು ಆಕೆ ಒಬ್ಬಳೇ ಹೊರಲಿಲ್ಲ. ಮಾವ ಡಾಕ್ಟರ್ ಯೂಜೀನ್ ಕ್ಯೂರಿ ಜೊತೆಯಲ್ಲಿ ನೆಲೆಸಿ ಮೊಮ್ಮಗಳನ್ನು ಸಾಕಿದನು. ರಜೆ ಬಂದಾಗ ದಂಪತಿಗಳು ಬೈಸಿಕಲ್ಲೇರಿ ಹಳ್ಳಿಗಳತ್ತ ಹೊರಡುತ್ತಿದ್ದರು. ಸೋರುವ ಶೆಡ್ಡಿನಲ್ಲಿ ಅವರು ಪಿಚ್‌ಬ್ಲೆಂಡ್ ಎಂಬ ಅದಿರಿನ ಶೇಷವನ್ನು ಟನ್ನುಗಟ್ಟಲೆ ಕುದಿಸಿ, ಕಲಕಿ, ಸೋಸಿದರು. 1898ರಲ್ಲಿ ಪೊಲೋನಿಯಂ, ರೇಡಿಯಂ ಎಂಬ ಎರಡು ಹೊಸ ಧಾತುಗಳಿರುವುದನ್ನು ಸಾರಿದರು. 1902ರಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್ ಮೇರಿಯ ಕೈಸೇರಿತು. 1903ರಲ್ಲಿ ಹೆನ್ರಿ ಬೆಕರೆಲ್‌ನೊಡನೆ ದಂಪತಿಗಳಿಗೆ ನೊಬೆಲ್ ಪಾರಿತೋಷಕ ಲಭಿಸಿತು.

1906ರ ಏಪ್ರಿಲ್ 19ರಂದು ಸಿಡಿಲೆರಗಿತು. ರಸ್ತೆ ದಾಟುತ್ತಿದ್ದ ಪಿಯೇರ್ ಕುದುರೆ ಬಂಡಿಯ ಗಾಲಿಗೆ ಸಿಕ್ಕಿ ಮಡಿದನು. ಮೇರಿಗೆ ಆಗ 38 ವರ್ಷ. ಕಿರಿಯ ಮಗಳು ಈವ್ ಇನ್ನೂ ಎರಡು ತುಂಬದ ಕೂಸು. ಸರ್ಕಾರ ನೀಡಲು ಮುಂದಾದ ನಿವೃತ್ತಿವೇತನವನ್ನು ಆಕೆ ಸ್ವೀಕರಿಸಲಿಲ್ಲ. ದುಡಿದೇ ಬಾಳಲು ನಿಶ್ಚಯಿಸಿದಳು. ಸೋರ್ಬಾನ್ ವಿಶ್ವವಿದ್ಯಾನಿಲಯ ಗಂಡನ ಸ್ಥಾನದಲ್ಲಿ ಪಾಠ ಹೇಳಲು ಕರೆಯಿತು. ನವೆಂಬರ್ 5ರಂದು ಕಿಕ್ಕಿರಿದ ಸಭಾಂಗಣದಲ್ಲಿ ಆಕೆ ಶೋಕದ ಮಾತೊಂದನ್ನೂ ಆಡದೆ, ಪಿಯೇರ್ ಪಾಠ ನಿಲ್ಲಿಸಿದ್ದ ಜಾಗದಿಂದಲೇ ಮುಂದುವರಿಸಿದಳು. ಅಲ್ಲಿ ಬೋಧಿಸಿದ ಪ್ರಥಮ ಮಹಿಳೆ ಆಕೆ. ಮನೆಯಲ್ಲಿ ಮಕ್ಕಳಿಗೆ ಆಸರೆಯಾಗಿದ್ದ ವೃದ್ಧ ಮಾವನು 1910ರಲ್ಲಿ ಕಣ್ಮುಚ್ಚಿದನು.

1911ನೆಯ ವರ್ಷ ಇನ್ನೂ ಕಠಿಣವಾಗಿತ್ತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲಿ ಆಕೆಗೆ ಸೋಲಾಯಿತು. ಆಕೆಯ ಖಾಸಗಿ ಜೀವನವನ್ನು ಬೀದಿಗೆಳೆದು ಪತ್ರಿಕೆಗಳು ಕೆಸರೆರಚಿದವು; ಪರದೇಶದವಳೆಂದು ಜರೆದವು. ಅದೇ ಸಮಯದಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಸಮಾರಂಭಕ್ಕೆ ಬಾರದಿರುವುದೇ ಲೇಸೆಂಬ ಸಲಹೆಯೂ ಬಂದಿತು. ಪಾರಿತೋಷಕವು ಕೆಲಸಕ್ಕೆ ಸಂದದ್ದೆಂದು ತಿಳಿದಿದ್ದ ಮೇರಿ, ಅಕ್ಕನನ್ನೂ ಮಗಳನ್ನೂ ಜೊತೆಗೊಂಡು ಸ್ಟಾಕ್‌ಹೋಮ್‌ಗೆ ತೆರಳಿ ತಲೆಯೆತ್ತಿ ಅದನ್ನು ಪಡೆದಳು.

ಮರಳಿದೊಡನೆ ಆಕೆ ಕುಸಿದಳು. ಮೂತ್ರಪಿಂಡದ ಬೇನೆಗೆ ಶಸ್ತ್ರಚಿಕಿತ್ಸೆಯಾಯಿತು. ಮನಸ್ಸಿಗೆ ಗಾಢವಾದ ಖಿನ್ನತೆ ಕವಿಯಿತು. ಇಂಗ್ಲೆಂಡಿನ ವಿಜ್ಞಾನಿ ಹರ್ತಾ ಏರ್ಟನ್ ಎಂಬ ಗೆಳತಿ 1912ರ ಬೇಸಗೆಯಲ್ಲಿ ಆಕೆಯನ್ನು ಬರಮಾಡಿಕೊಂಡು, ಜನರ ಕಣ್ಣಿಗೆ ಬೀಳದಂತೆ ಕಡಲತೀರದಲ್ಲಿ ಇರಿಸಿ ಆರೈಕೆ ಮಾಡಿದಳು. ಸುಮಾರು ಹದಿನಾಲ್ಕು ತಿಂಗಳು ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕದಲ್ಲಿ ಮೇರಿಯ ಬರಹವಿಲ್ಲ. 1912ರ ಡಿಸೆಂಬರಿನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಹೀಗೆ ಚೇತರಿಸಿಕೊಂಡ ಮಹಿಳೆಯೇ ಗಾಯಾಳು ಸೈನಿಕರ ನೆರವಿಗೆ ನಿಂತಳು. ಎಕ್ಸ್-ರೇ ಯಂತ್ರ ಹೊತ್ತ ಸುಮಾರು 20 ಮೋಟಾರು ವಾಹನಗಳನ್ನು ಅಣಿಗೊಳಿಸಿದಳು. 200ರಷ್ಟು ಎಕ್ಸ್-ರೇ ಕೊಠಡಿಗಳನ್ನು ಸ್ಥಾಪಿಸಿದಳು. ತಾನೇ ವಾಹನ ನಡೆಸಲು ಕಲಿತಳು. ಸುಮಾರು 150 ಮಂದಿ ಸ್ತ್ರೀಯರಿಗೆ ಯಂತ್ರಗಳ ಬಳಕೆಯನ್ನು ಕಲಿಸಿದಳು. ಹದಿಹರೆಯದ ಐರೀನ್ ತಾಯಿಯ ಬಲಗೈಯಾದಳು.

ಮನಸ್ಸಿನ ದಣಿವಿಗೆ ವಿಶ್ರಾಂತಿ ಕೊಡಲು ಕಲಿತ ಮೇರಿ, ದೇಹ ನೀಡಿದ ಎಚ್ಚರಿಕೆಗಳನ್ನು ಮಾತ್ರ ಬಹುಕಾಲ ಅಲಕ್ಷಿಸಿದಳು. ವಿಕಿರಣಕ್ಕೆ ಸತತವಾಗಿ ಒಡ್ಡಿಕೊಂಡಿದ್ದ ಆಕೆ ರಕ್ತ ಸಂಬಂಧವಾದ ರೋಗದಿಂದ 1934ರ ಜುಲೈ 4ರಂದು ನಿಧನಳಾದಳು. ಮರುವರ್ಷ ಐರೀನ್ ತನ್ನ ಪತಿಯೊಡನೆ ನೊಬೆಲ್ ಪಾರಿತೋಷಕ ಪಡೆದಳು.

ಮೇಡಂ ಕ್ಯೂರಿ ಎಂದೂ ಕುಸಿಯದ ಉಕ್ಕಿನ ಮಹಿಳೆಯಾಗಿರಲಿಲ್ಲ. ಆಕೆ ಹಲವು ಬಾರಿ ಕುಸಿದಳು. ಕುಸಿದಾಗ ವಿಶ್ರಮಿಸಲು ನಾಚಲಿಲ್ಲ. ತಂದೆ, ಅಕ್ಕ, ಮಾವ, ಗೆಳತಿ ಚಾಚಿದ ಕೈಯನ್ನು ತಳ್ಳಲಿಲ್ಲ. ಬಲ ಬಂದೊಡನೆ ತನ್ನ ಕೆಲಸಕ್ಕೆ ಹಿಂದಿರುಗಲು ತಡಮಾಡಲಿಲ್ಲ. ಮನೆಯನ್ನೂ ಉದ್ಯೋಗವನ್ನೂ ಒಟ್ಟಿಗೆ ನಡೆಸುವ ಸ್ತ್ರೀಯರಿಗೆ ಆಕೆಯ ಬಾಳು ದಾರಿದೀಪವಾಗಿದೆ. ಅಂಥ ಸ್ತ್ರೀಯರಿಗೆ ಹೆಗಲು ಕೊಡಬೇಕಾದ ಮನೆಯವರಿಗೂ ಅದರಲ್ಲಿ ಪಾಠವಿದೆ.